ಒಣದ್ರಾಕ್ಷಿಯ ದಾನವೂ ಹಕ್ಕಿಯ ದಾಹವೂ

ದಾನವು ಶ್ರೇಷ್ಠವೆಂಬುದು ನಿರ್ವಿವಾದ. ಆದರೆ ದೇಶ, ಕಾಲ, ಪಾತ್ರಗಳನ್ನು ಅರಿಯದೆ ಮಾಡಿದ ದಾನವು ಕೊಟ್ಟವರ ಮನಸ್ಸಿಗೆ ತೃಪ್ತಿ ತಂದೀತೇ ಹೊರತು ಕೊಂಡವರ ಹಸಿವನ್ನು ನೀಗದು. ಈ ವಿವೇಕವು ಹೂದೋಟದ ಹಕ್ಕಿಗಳಿಗೆ ನೀಡುವ ಒಂದು ಹಿಡಿ ಒಣದ್ರಾಕ್ಷಿಗೂ ಸಲ್ಲುತ್ತದೆ.

ವಿಜಯಪುರ ಸೀಮೆಯು ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದುದು. ಬೇಸಗೆ ಬಂತೆಂದರೆ ಕರುಣಾಳುಗಳಾದ ಮಕ್ಕಳು ಮನೆಯ ಡಬ್ಬಿಯಿಂದ ಒಂದಿಷ್ಟನ್ನು ತಂದು ಗೋಡೆಯ ಮೇಲೆ ಹರಡುವುದುಂಟು. ಅವರ ಕರುಣೆ ಮೆಚ್ಚತಕ್ಕದ್ದೇ. ಆ ಕರುಣೆಗೆ ತಿಳಿವಳಿಕೆಯೂ ಜೊತೆಗೂಡಬೇಕು.

ಮೊದಲು ಪಾತ್ರದ ವಿಚಾರ. ಪಿಕಳಾರ, ಗೊರವಂಕ, ಕೋಗಿಲೆಗಳು ಹಣ್ಣನ್ನು ಬಯಸುವ ಹಕ್ಕಿಗಳು. ಒಣದ್ರಾಕ್ಷಿ ಇವಕ್ಕೆ ಸಲ್ಲುವ ತಿನಿಸು. ಗುಬ್ಬಚ್ಚಿಗೂ ಪಾರಿವಾಳಕ್ಕೂ ಕಾಳೇ ಮುಖ್ಯ. ಸೂರಕ್ಕಿಗೆ ಬೇಕಾದುದು ಹೂವಿನ ಮಕರಂದ. ಎಲ್ಲಕ್ಕೂ ಒಂದೇ ಎಡೆಯೆಂಬುದು ಸರಿಯಲ್ಲ.

ಇನ್ನು ಕಾಲದ ವಿಚಾರ. ಹಸಿ ದ್ರಾಕ್ಷಿಯ ನೂರು ಪಾಲಿನಲ್ಲಿ ಸುಮಾರು 80 ಪಾಲು ನೀರು. ಒಣಗಿದ ಮೇಲೆ ಉಳಿಯುವುದು ಸುಮಾರು 15 ಪಾಲು ಮಾತ್ರ. ಹಕ್ಕಿಗೆ ಬೆವರುಗ್ರಂಥಿಗಳಿಲ್ಲ, ಅದು ಬಾಯ್ದೆರೆದು ಏದುಸಿರುಬಿಟ್ಟು ಮೈಯನ್ನು ತಂಪುಮಾಡಿಕೊಳ್ಳುವಾಗ ದೇಹದ ನೀರು ಆವಿಯಾಗಿ ಹೋಗುತ್ತದೆ. ಬಿರುಬೇಸಗೆಯಲ್ಲಿ ಅದಕ್ಕೆ ಬರಿಯ ಒಣಹಣ್ಣನ್ನಿಟ್ಟು ನೀರಿಡದಿರುವುದು ಬಾಯಾರಿ ಬಂದ ಅತಿಥಿಗೆ ಹುರಿಹಿಟ್ಟು ಬಡಿಸಿದಂತೆ. ಆದುದರಿಂದ ಒಣದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಕೆಲವು ತಾಸು ನೆನೆಸಿ, ಮೃದುವಾದ ಮೇಲೆ ಸಣ್ಣಗೆ ಹೆಚ್ಚಿ ಇಡುವುದು ಲೇಸು. ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು: ಬೇಗ ಒಣಗಲೆಂದು ದ್ರಾಕ್ಷಿಯನ್ನು ಕ್ಷಾರ ಹಾಗೂ ಎಣ್ಣೆ ಬೆರೆತ ದ್ರಾವಣದಲ್ಲಿ ಅದ್ದುವ, ಹೊಂಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ರೂಢಿಯಿದೆ. ಉಪ್ಪು, ಸಕ್ಕರೆ ಬೆರೆಸಿದ ಹಣ್ಣು ಸರ್ವಥಾ ಸಲ್ಲದು. ಮರಿಮಾಡುವ ಕಾಲದಲ್ಲಂತೂ ಎಚ್ಚರ ಇಮ್ಮಡಿಯಾಗಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗೆ ಹುಳುಹುಪ್ಪಟೆಗಳನ್ನೇ ಉಣಿಸುತ್ತದೆ. ಎಳೆಯ ಮೈ ಬೆಳೆಯುವುದು ಅದರಿಂದ. ತೋಟಕ್ಕೆ ಕೀಟನಾಶಕ ಸುರಿದು ಗೋಡೆಯ ಮೇಲೆ ದ್ರಾಕ್ಷಿ ಇಡುವವರು ಒಂದು ಕೈಯಿಂದ ಕಿತ್ತು ಇನ್ನೊಂದು ಕೈಯಿಂದ ಕೊಟ್ಟಂತಾಯಿತು.

ಕಡೆಯದು ದೇಶ, ಎಂದರೆ ಇಡುವ ಸ್ಥಳ. ಹಕ್ಕಿಗಳಿಗೆ ಮನೆಯಂಗಳದಲ್ಲಿ ಉಣಿಸುವ ರೂಢಿ ವ್ಯಾಪಕವಾಗಿರುವ ಬ್ರಿಟನ್ನಿನ ಅನುಭವ ಇಲ್ಲಿ ಪಾಠವಾಗಬೇಕು. ಅಲ್ಲಿ 2005ರಿಂದೀಚೆಗೆ ಟ್ರೈಕೊಮೊನೋಸಿಸ್ ಎಂಬ ಗಂಟಲುರೋಗವು ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಹರಡಿ, 2021ರಲ್ಲಿ ಆ ಹಕ್ಕಿಯನ್ನು ತೀವ್ರ ಆತಂಕದ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ಒಂದೆಡೆ ನೆರೆದ ಹಕ್ಕಿಗಳ ಎಂಜಲು ಬಿದ್ದ ಆಹಾರವೂ ನೀರೂ ಆ ರೋಗಕ್ಕೆ ದಾರಿ. ಆದಕಾರಣ ತಟ್ಟೆಯನ್ನು ನಿತ್ಯ ತೊಳೆಯಬೇಕು. ಒಂದು ಹೊತ್ತಿಗೆ ಸಲ್ಲುವಷ್ಟನ್ನೇ ಇಟ್ಟು ಉಳಿದುದನ್ನು ತೆಗೆಯಬೇಕು. ಬೆಕ್ಕು ಹೊಂಚದ ಎತ್ತರವೂ ಬೇಕು. ದ್ರಾಕ್ಷಿಯು ನಾಯಿಗಳ ಮೂತ್ರಪಿಂಡಕ್ಕೆ ಅಪಾಯಕಾರಿಯಾದುದರಿಂದ ಅದು ನೆಲಕ್ಕೆ ಉದುರದಂತೆಯೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ನಿಯಮವೇಕೆ, ಕೊಡದಿದ್ದರಾಯಿತಲ್ಲ ಎನ್ನುವವರೂ ಇರಬಹುದು. ಅದು ಸೋಮಾರಿತನದ ವಾದ. ನೆನೆಸಿದ ನಾಲ್ಕು ದ್ರಾಕ್ಷಿ, ಅಗಲವಾದ ಮಣ್ಣಿನ ಬಟ್ಟಲಲ್ಲಿ ತಿಳಿನೀರು: ಇವನ್ನು ಇಡಲು ಬಾಲಕನಿಗೂ ಕಷ್ಟವಿಲ್ಲ. ಆದರೂ ದ್ರಾಕ್ಷಿಯು ಹಕ್ಕಿಗೆ ಹಬ್ಬದ ಸಿಹಿಯೇ ಹೊರತು ನಿತ್ಯದ ಊಟವಲ್ಲ. ನಿತ್ಯದ ಊಟವನ್ನು ಆಲ, ಅತ್ತಿ, ಬೇವುಗಳೇ ನೀಡಬಲ್ಲವು. ಶಾಲೆಯ ಅಂಗಳದಲ್ಲಿ ಅಂಥದೊಂದು ಸಸಿಯನ್ನು ನೆಟ್ಟು ನೀರೆರೆದ ವಿದ್ಯಾರ್ಥಿಯು, ತಾನು ಶಾಲೆ ಬಿಟ್ಟುಹೋದ ಮೇಲೆಯೂ ಹಕ್ಕಿಗಳಿಗೆ ಉಣಬಡಿಸುತ್ತಲೇ ಇರುವನು.