ಒತ್ತಕ್ಷರ ಒಡೆದ ಫೋನು

ಸಿದ್ದಾಪುರ ಅಂದರೆ ಮಲೆನಾಡಿನದಲ್ಲ, ನಮ್ಮದು ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯದು. 2012ರ ನವೆಂಬರ್. 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ತೆರೆ ಕಂಡ ತಿಂಗಳು. ನಾನಿನ್ನೂ ಹೈಸ್ಕೂಲು ಹುಡುಗ. ಮಗ್ಗ ನೇಯೋ ಮಾವನ ಹತ್ರ ಸೆಕೆಂಡ್‌ಹ್ಯಾಂಡ್ ಆಂಡ್ರಾಯ್ಡ್ ಫೋನು, 2.3 ಜಿಂಜರ್‌ಬ್ರೆಡ್. ಸಿನಿಮಾ ಸುದ್ದಿ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು!

ಒಪೇರಾ ಮಿನಿಯಲ್ಲಿ ಒಂದು ಉಪಾಯವಿತ್ತು. ವಿಳಾಸದ ಜಾಗದಲ್ಲಿ 'ಒಪೇರಾ:ಕಾನ್ಫಿಗ್' ಅಂತ ಹೊಡೆದು ಬಿಟ್‌ಮ್ಯಾಪ್ ಫಾಂಟಿಗೆ 'ಎಸ್' ಕೊಟ್ಟರೆ, ಅವರ ಸರ್ವರೇ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಎಸ್ಸೆಮ್ಮೆಸ್ಸೂ ಕನ್ನಡದಲ್ಲೇ ಕಾಣಲಿ ಅಂತ ಫೋನ್ ರೂಟ್ ಮಾಡಿ, ಸಿಸ್ಟಮ್ಮಿನ ಫಾಂಟ್ ತೆಗೆದು ಕನ್ನಡದ್ದು ತುರುಕಿದೆ. ಅಕ್ಷರವೇನೋ ಬಂತು. ಆದರೆ ನಮ್ಮ ರಾಯಣ್ಣ ಒಡೆದುಹೋಗಿದ್ದ. 'ಣ್' ಬೇರೆ, 'ಣ' ಬೇರೆ! ಅಕ್ಷರಗಳು ನಟರಿದ್ದ ಹಾಗೆ ಸ್ವಾಮಿ, ಯಾರು ಯಾರ ಕೆಳಗೆ ನಿಲ್ಲಬೇಕು ಅಂತ ಹೇಳೋ ನಿರ್ದೇಶಕ ಬೇರೆ ಬೇಕು. ಆಂಡ್ರಾಯ್ಡಿನಲ್ಲಿ ಆ ನಿರ್ದೇಶಕ ಕನ್ನಡಕ್ಕೆ ಸಿಕ್ಕಿದ್ದು 4.1ರಲ್ಲಿ, ಅದೇ 2012ರಲ್ಲಿ.

ಹಠ ಬಿಡಲಿಲ್ಲ. 4.1ರ ಕಸ್ಟಮ್ ರಾಮ್ ಇಳಿಸಿಕೊಂಡು ಹಾಕಿದೆ. ಅದು ಬೇರೆ ಮಾಡೆಲ್ಲಿನದು ಅಂತ ಆಮೇಲೆ ತಿಳಿದದ್ದು. ಕಂಪನಿ ಹೆಸರು ಬರೋದು, ಆರೋದು, ಮತ್ತೆ ಬರೋದು. ಟೈಟಲ್ ಕಾರ್ಡಲ್ಲೇ ನಿಂತ ಸಿನಿಮಾ! ಬ್ಯಾಕಪ್ಪೂ ತೆಗೆದಿರಲಿಲ್ಲ ನಾನು, ದಡ್ಡ.

ಚಳ್ಳಕೆರೆಯ ರಿಪೇರಿ ಹುಡುಗನೊಬ್ಬ ಹಳೇ 2.3 ವಾಪಸು ಹಾಕಿಕೊಟ್ಟ. ಆದರೆ ಒಳಗಿದ್ದದ್ದೆಲ್ಲ ಹೋಗಿತ್ತು. ಮಾವ ಬೈಯಲಿಲ್ಲ. "ಸೀರೆ ಸಾವುಕಾರ್ರ ನಂಬರೆಲ್ಲ ಅದ್ರಾಗೇ ಇದ್ವಲ್ಲೋ" ಅಂದ, ಅಷ್ಟೇ. ಎರಡು ದಿನ ಮಗ್ಗ ನಿಲ್ಲಿಸಿ, ಮೊಳಕಾಲ್ಮೂರಿನ ಅಂಗಡಿ ಅಂಗಡಿ ತಿರುಗಿ, ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಕೊಂಡು ಬಂದ.