ಮೊಬೈಲಿನಲ್ಲೇ ಆರೋಪಿ

ಉಕ್ರೇನಿನಲ್ಲಿ ಸೇನಾ ದಾಖಲೆಗೆಂದು 2024ರ ಮೇ ತಿಂಗಳಲ್ಲಿ ‘ರೆಜೆರ್ವ್ ಪ್ಲಸ್’ ಎಂಬ ಆ್ಯಪ್ ಬಂತು. ಅದರಲ್ಲಿ ಹೆಸರಿನ ಜೊತೆ ಕೆಂಪು ಪಟ್ಟಿ ಕಾಣಿಸಿದರೆ, ಆತ ನೋಂದಣಿ ನಿಯಮ ಮುರಿದವನು, ಪೊಲೀಸರಿಗೆ ಬೇಕಾದವನು. ಸೇನಾ ಭರ್ತಿ ಕೇಂದ್ರದಿಂದ ಹಳೆಯ ವಿಳಾಸಕ್ಕೆ ಹೋದ ನೋಟಿಸು ‘ವಿಳಾಸದಾರ ಇಲ್ಲ’ ಎಂಬ ಅಂಚೆ ಷರಾದೊಂದಿಗೆ ಹಿಂದಿರುಗಿದರೂ ಸಾಕು, ತಲುಪಿತೆಂದೇ ಲೆಕ್ಕ! ನೋಂದಣಿ ನಿಯಮ ಮುರಿಯುವುದು ಅಪರಾಧ ಪ್ರಕರಣವಲ್ಲ, ಆಡಳಿತಾತ್ಮಕ ತಪ್ಪು. ಆದರೂ ದಂಡ 17,000ದಿಂದ 25,500 ಹ್ರಿವ್ನಿಯಾ.

ದಾರಿಗಳಿವೆ. ಭರ್ತಿ ಕೇಂದ್ರಕ್ಕೆ ದಾಖಲೆ ಸಮೇತ ಅರ್ಜಿ ಕೊಟ್ಟು ತಿದ್ದುಪಡಿ ಕೇಳಬಹುದು. ದಂಡದ ಆದೇಶದ ವಿರುದ್ಧ 10 ದಿನದೊಳಗೆ ಕೋರ್ಟಿಗೆ ಹೋಗಬಹುದು. ಪೊಲೀಸರಿಗೆ ಬೇಕಾದವರ ಪಟ್ಟಿಯಿಂದ ಕೇಂದ್ರ ಹೆಸರು ತೆಗೆಯದಿದ್ದರೆ ಆಡಳಿತಾತ್ಮಕ ನ್ಯಾಯಾಲಯವಿದೆ. ಆದರೆ ಆ್ಯಪ್‌ನಲ್ಲೇ ತಪ್ಪೊಪ್ಪಿ ಅರ್ಧ ದಂಡ ಕಟ್ಟುವ ರಿಯಾಯಿತಿಯೂ ಇದೆ. ವಕೀಲರ ಫೀಸಿಗೆ ಅಂಜಿದವನು ಮಾಡದ ತಪ್ಪನ್ನೂ ಒಪ್ಪಿಬಿಟ್ಟಾನು.

ಆಕ್ರಮಣ ಎದುರಿಸುತ್ತಿರುವ ದೇಶಕ್ಕೆ ಸೈನಿಕರು ಬೇಕು, ನಿಜ. ಆದರೆ ನೋಟಿಸು ಕೈಗೆ ತಲುಪಿತೆಂದು ತೋರಿಸುವ ಹೊಣೆ ಕಳಿಸಿದ ಕಚೇರಿಯದಾಗಿರಬೇಕು. ಅದನ್ನು ತೋರಿಸುವವರೆಗೆ ಯಾರ ಹೆಸರನ್ನೂ ಪಟ್ಟಿಗೆ ಏರಿಸಬಾರದು.