ಹನ್ನೆರಡು ನಿಮಿಷಗಳ ಬೆಲೆ

ಆಯುಧಪೂಜೆಯ ಸಂಜೆ ಶ್ರೀನಗರದ ಬೀದಿಗಳಲ್ಲಿ ಅಡ್ಡಾಡುವವನು ವಾಹನಗಳ ಭಾಗ್ಯವನ್ನು ಕಂಡು ಬೆರಗಾಗದಿರಲಾರನು. ವರ್ಷವೆಲ್ಲ ಧೂಳು ಹೊತ್ತು ದುಡಿದ ಕಾರು, ಸ್ಕೂಟರು, ಆಟೋಗಳು ಅಂದು ಮಿಂದು ಮಡಿಯಾಗಿ, ಅರಿಸಿನ ಕುಂಕುಮ ಧರಿಸಿ, ಸೇವಂತಿಗೆಯ ಮಾಲೆ ಹಾಕಿಕೊಂಡು ಮದುವಣಿಗರಂತೆ ಮನೆಗಳ ಮುಂದೆ ನಿಂತಿರುತ್ತವೆ. ಚಕ್ರದಡಿಯಲ್ಲಿ ನಿಂಬೆಹಣ್ಣು ಚಪ್ಪಟೆಯಾಗುತ್ತದೆ. ಬೂದುಗುಂಬಳ ಬೀದಿಯ ನಡುವೆ ಸಿಡಿಯುತ್ತದೆ. ದೃಷ್ಟಿ ಕಳೆಯಿತೆಂದು ಮನೆಯವರು ಒಳಗೆ ಹೋಗುತ್ತಾರೆ. ಆ ಕುಂಬಳದ ಹೋಳಿನ ಮೇಲೆ ಜಾರಿ ಬೀಳುವ ಸ್ಕೂಟರಿನವನ ಮೇಲೆ ಯಾರ ದೃಷ್ಟಿ ಬಿದ್ದಿತ್ತೋ, ಅದನ್ನು ಕೇಳುವವರಿಲ್ಲ!

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಬಹುದು. ಮರುದಿನ ವಿಜಯದಶಮಿ, ಹೆಂಡತಿ ಮಕ್ಕಳೊಡನೆ ಮೈಸೂರಿಗೆ ಹೋಗಿ ಜಂಬೂಸವಾರಿ ನೋಡುವ ಉತ್ಸಾಹ ಯಜಮಾನನಿಗೆ. ಜನಸಂದಣಿ ಸೇರುವ ಮೊದಲೇ ತಲುಪಬೇಕೆಂದು ರಾತ್ರಿ ಮೂರು ಗಂಟೆಗೆ ಹೊರಡುವುದೆಂದು ಗೊತ್ತುಮಾಡಿದ್ದಾನೆ. ಕಚೇರಿಯ ಕೆಲಸದ ದೆಸೆಯಿಂದ ಮೂರು ದಿನಗಳಿಂದ ಅವನಿಗೆ ಸರಿಯಾದ ನಿದ್ರೆಯಿಲ್ಲ. ಪೊರಕೆ ಹಿಡಿದು ಕುಂಬಳದ ಹೋಳುಗಳನ್ನು ರಸ್ತೆಯಂಚಿಗೆ ಗುಡಿಸುತ್ತಿದ್ದ ಮುದಿ ತಾಯಿ ಕೇಳುತ್ತಾಳೆ:

“ಏನಪ್ಪಾ, ಯಂತ್ರಕ್ಕೆ ಪೂಜೆ ಮಾಡಿದೆ, ಇಂದು ವಿಶ್ರಾಂತಿಯನ್ನೂ ಕೊಟ್ಟೆ. ನಿನ್ನ ಕಣ್ಣಿಗೆ ವಿಶ್ರಾಂತಿ ಬೇಡವೆ? ಅಂಬಾರಿ ಹೊರಡುವುದು ಮಧ್ಯಾಹ್ನದ ಮೇಲೆ ತಾನೆ?”

“ಹೊಸ ರಸ್ತೆ ಇದೆಯಲ್ಲಮ್ಮ, ಗಾಳಿಯಂತೆ ಹೋಗಿಬಿಡಬಹುದು” ಎಂಬುದು ಮಗನ ಉತ್ತರ.

ರಸ್ತೆಯೇನೋ ಉತ್ತಮವಾದುದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದ ಸುಮಾರು 118 ಕಿಲೋಮೀಟರು. ಆದರೆ ಆ ಒಂದೇ ವರ್ಷದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ರಸ್ತೆಯನ್ನು ನಿಷೇಧಿಸಿ ಸರ್ವಿಸ್ ರಸ್ತೆಯನ್ನು ಬಿಡಲಾಯಿತು. ವೇಗವನ್ನು ಅಳೆಯುವ ಕ್ಯಾಮೆರಾಗಳು ಬಂದವು. ಮರುವರ್ಷ ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ರಸ್ತೆ ಅದೇ. ಬದಲಾದುದು ಅದನ್ನು ಬಳಸುವ ರೀತಿ.

ಈಗ ಲೆಕ್ಕವನ್ನು ನೋಡೋಣ. ಅಲ್ಲಿ ಕಾರಿಗೆ ವಿಧಿಸಿರುವ ಮಿತಿ ಗಂಟೆಗೆ 100 ಕಿಲೋಮೀಟರು. ಆ ವೇಗದಲ್ಲಿ 118 ಕಿಲೋಮೀಟರು ಕ್ರಮಿಸಲು 71 ನಿಮಿಷ ಬೇಕು. ಮಿತಿ ಮೀರಿ 120ರಲ್ಲಿ ಓಡಿಸಿದರೆ 59 ನಿಮಿಷ. ಲಾಭ ಹನ್ನೆರಡು ನಿಮಿಷ! ದಾರಿಯಲ್ಲಿ ಮದ್ದೂರು ವಡೆಗೆಂದು ನಿಂತರೆ ಕಳೆದುಹೋಗುವ ಹೊತ್ತು ಅದು. ಆದರೆ ಅದೇ ವೇಗಕ್ಕೆ ಡಿಕ್ಕಿಯ ಶಕ್ತಿ ಐದನೆಯ ಒಂದು ಪಾಲಲ್ಲ, ಶೇಕಡ 44ರಷ್ಟು ಹೆಚ್ಚುತ್ತದೆ.

ವೇಗಕ್ಕಿಂತಲೂ ಮೋಸಗಾರ ಶತ್ರು ನಿದ್ರೆ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರು ಸಾಗುತ್ತದೆ. ರೆಪ್ಪೆ ಮೂರೇ ಸೆಕೆಂಡು ಮುಚ್ಚಿದರೂ ವಾಹನ ಎಂಬತ್ತು ಮೀಟರಿಗೂ ಹೆಚ್ಚು ದೂರ ಕುರುಡಾಗಿ ಓಡಿರುತ್ತದೆ. ಕಾಫಿ ಕುಡಿದರೆ, ಕಿಟಕಿ ತೆರೆದರೆ ಈ ಸಾಲ ತೀರದು, ಮಲಗಿಯೇ ತೀರಿಸಬೇಕು.

ಹೊರಡುವ ಮುನ್ನ ಮಾಡತಕ್ಕ ಕೆಲಸಗಳು ಕೆಲವೇ. ನೋಟಕ್ಕೂ ದೀಪಕ್ಕೂ ಅಡ್ಡವಾಗುವ ಬಾಳೆಕಂದು, ಮಾಲೆಗಳನ್ನು ಬಿಚ್ಚಬೇಕು. ಟೈರಿನ ಗಾಳಿ ನೋಡಿಸಬೇಕು. ಸೀಟ್ ಬೆಲ್ಟ್ ಮುಂದಿನವರಿಗೆ ಮಾತ್ರವಲ್ಲ, ಹಿಂದೆ ಕುಳಿತವರಿಗೂ ಕಡ್ಡಾಯ. ಮಡಿಲೇ ಮಗುವಿಗೆ ಕ್ಷೇಮವೆಂದು ತಾಯಂದಿರು ನಂಬುವುದು ಸಹಜ. ಆದರೆ ಡಿಕ್ಕಿಯ ಕ್ಷಣದಲ್ಲಿ ಯಾವ ತೋಳೂ ಮಗುವನ್ನು ಹಿಡಿದುಕೊಳ್ಳಲಾರದು. ಸ್ಕೂಟರಿನಲ್ಲಿ ಹೋಗುವವರಾದರೆ ಹಿಂದಿನ ಸವಾರಳಿಗೂ ಮಗುವಿಗೂ ಹೆಲ್ಮೆಟ್ ಇರತಕ್ಕದ್ದು.

ಇಷ್ಟು ಎಚ್ಚರಿಕೆಯಿದ್ದರೂ ಪರರ ತಪ್ಪಿನಿಂದ ಅಪಾಯ ಒದಗುವುದುಂಟು. ದಾರಿಯಲ್ಲಿ ಯಾರಾದರೂ ಬಿದ್ದಿರುವುದನ್ನು ಕಂಡರೆ ನೋಡಿಯೂ ನೋಡದಂತೆ ಹೋಗಬಾರದು. ಆಂಬುಲೆನ್ಸಿಗೆ 108, ಹೆದ್ದಾರಿಯ ನೆರವಿಗೆ 1033. ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂದು ಕರ್ನಾಟಕವು 2016ರಲ್ಲಿಯೇ ಶಾಸನ ರಚಿಸಿದೆ.

ಆ ಮನೆಯ ಮಗ ತಾಯಿಯ ಮಾತಿಗೆ ಮಣಿದನೆಂದೇ ಇಟ್ಟುಕೊಳ್ಳೋಣ. ರಾತ್ರಿ ಹತ್ತಕ್ಕೆ ಮಲಗಿದವನು ಬೆಳಕು ಹರಿದ ಮೇಲೆ ಕಾರು ಹೊರಡಿಸುತ್ತಾನೆ. ಜನಸಂದಣಿಯಲ್ಲಿ ಅವರಿಗೆ ಹಿಂದಿನ ಸಾಲೇ ದೊರೆಯುತ್ತದೆ. ತಂದೆಯ ಹೆಗಲೇರಿದ ಮಗುವಿಗೆ ಆನೆ ಕಾಣಿಸುತ್ತದೆ. ಉಳಿದವರಿಗೆ ಅಂಬಾರಿಯ ತುದಿ ಮಾತ್ರ. ದಣಿದ ಕಣ್ಣಿನಲ್ಲಿ ಆ ರಾತ್ರಿಯೇ ಹಿಂತಿರುಗದೆ ನೆಂಟರ ಮನೆಯಲ್ಲಿ ತಂಗುತ್ತಾರೆ. “ನಾಳೆ ಬರುತ್ತೇವಮ್ಮ” ಎಂದು ಫೋನು ಬಂದ ಮೇಲೆ ಶ್ರೀನಗರದ ಆ ಮುದುಕಿ ಬಾಗಿಲ ಅಗುಳಿ ಹಾಕಿ, ದೀಪ ಆರಿಸಿ, ನೆಮ್ಮದಿಯಾಗಿ ಮಲಗುತ್ತಾಳೆ.